ನಾಳ ತಬ್ಬಿದ ಗೆಡ್ಡೆ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪಕ್ಕದ ರಕ್ತನಾಳಕ್ಕೆ ಅಂಟಿಕೊಂಡಿದೆ ಅಂದರೆ, 'ಇನ್ನೇನೂ ಆಗಲ್ಲ, ಊರಿಗೆ ಕರ್ಕೊಂಡ್ಹೋಗಿ' ಎಂಬುದೇ ಕೊನೇ ಮಾತಾಗಿದ್ದ ಕಾಲವಿತ್ತು. ಈಗ ಆ ನಾಳವನ್ನೇ ಕತ್ತರಿಸಿ ಹೊಲಿಯುತ್ತಾರೆ. ಕತ್ತರಿಗಿಂತ ಮೊದಲು ಆಗಬೇಕಾದ ಕೆಲಸಗಳ ಸರದಿ ತಪ್ಪಿದರೆ ಮಾತ್ರ ಎಂಥ ಸರ್ಜನ್ ಇದ್ದರೂ ಕಷ್ಟ. ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ ಸೀಮೆಯವರ ಪಾಲಿಗೆ ತಪ್ಪುವುದೂ ಅಲ್ಲೇ.

ಆಪರೇಷನ್ ಶುರುವಾಗಿ ಐದು ಗಂಟೆ ದಾಟಿದೆ. ಗೆಡ್ಡೆ ಎಲ್ಲ ಕಡೆಯಿಂದ ಬಿಡಿಸಿಕೊಂಡಿದೆ, ಒಂದು ಕಡೆ ಬಿಟ್ಟು. ಅಲ್ಲೊಂದು ಬೆರಳು ಗಾತ್ರದ ನೀಲಿ ನಾಳ. ಕರುಳಿನ ರಕ್ತವನ್ನೆಲ್ಲ ಲಿವರ್‌ಗೆ ಒಯ್ಯುವ ಪೋರ್ಟಲ್ ನಾಳ ಅದು.

ಸರ್ಜನ್ ಮೇಲೊಂದು, ಕೆಳಗೊಂದು ಕ್ಲಾಂಪ್ ಹಾಕುತ್ತಾರೆ. 'ಟೈಮ್ ನೋಡ್ಕೊಳ್ಳಿ' ಎನ್ನುತ್ತಾರೆ. ರಕ್ತಕ್ಕೆ ಮುಂದೆ ದಾರಿಯಿಲ್ಲ. ನೋಡನೋಡುತ್ತಾ ಕರುಳು ಊದಿಕೊಳ್ಳುತ್ತದೆ, ತಿಳಿಗೆಂಪು ಹೋಗಿ ಕಂದು ನೀಲಿಗೆ ತಿರುಗುತ್ತದೆ. ಕತ್ತರಿ ಎರಡು ಸಲ ಆಡುತ್ತದೆ. ಅಂಟಿಕೊಂಡಿದ್ದ ನಾಳದ ತುಂಡಿನ ಸಮೇತ ಗೆಡ್ಡೆ ಟ್ರೇಗೆ ಬರುತ್ತದೆ. ಉಳಿದ ಎರಡು ತುದಿಗಳನ್ನು ಹತ್ತಿರ ತಂದು, ಕೂದಲು ಗಾತ್ರದ ನೀಲಿ ದಾರದಲ್ಲಿ ಸುತ್ತಲೂ ಹೊಲಿಗೆ.

ಕೊನೆಗೆ ಗಂಟು. ಕಸುಬಿನ ಗುಟ್ಟಿರುವುದು ಇಲ್ಲಿ. ಗಂಟನ್ನು ನಾಳಕ್ಕೆ ಬಿಗಿಯುವುದಿಲ್ಲ. ಸ್ವಲ್ಪ ದಾರ ಬಿಟ್ಟು, ದೂರದಲ್ಲಿ ಗಾಳಿಯಲ್ಲೇ ಹಾಕುತ್ತಾರೆ. ಕ್ಲಾಂಪ್ ತೆಗೆದ ಕೂಡಲೇ ರಕ್ತ ನುಗ್ಗಿ ನಾಳ ಉಬ್ಬುತ್ತದೆ, ಸಡಿಲವಾಗಿದ್ದ ದಾರ ತಾನಾಗಿ ಒಳಕ್ಕೆ ಸರಿದುಕೊಳ್ಳುತ್ತದೆ. ಮೊದಲೇ ಬಿಗಿದಿದ್ದರೆ ಹೊಲಿಗೆ ಹಾಕಿದ ಜಾಗದಲ್ಲಿ ನಾಳ ಕಿರಿದಾಗಿ, ರಕ್ತ ಹೆಪ್ಪುಗಟ್ಟಿ, ಇಷ್ಟು ಹೊತ್ತಿನ ಶ್ರಮವೆಲ್ಲ ನೀರುಪಾಲು. ಇದು ಲಿವರ್ ಕಸಿಯ ಆದ್ಯ ಪ್ರವರ್ತಕ ಥಾಮಸ್ ಸ್ಟಾರ್ಜಲ್ ಹೇಳಿಕೊಟ್ಟ ಉಪಾಯ. ಕರುಳಿಗೆ ಮತ್ತೆ ಬಣ್ಣ ಬರುತ್ತದೆ. ಎಲ್ಲ ಸರಿಯಾಗಿ ನಡೆದರೆ ಇಷ್ಟಕ್ಕೂ ಹಿಡಿಯುವುದು ಅರ್ಧ ಗಂಟೆಗಿಂತ ಕಡಿಮೆ.

ನವೆಂಬರ್ ತಿಂಗಳ ಮೂರನೇ ಗುರುವಾರ ವಿಶ್ವ ಮೇದೋಜೀರಕ ಗ್ರಂಥಿ ಕ್ಯಾನ್ಸರ್ ದಿನ. ದೊಡ್ಡ ಊರುಗಳಲ್ಲಿ ಆವತ್ತು ನೇರಳೆ ದೀಪ ಹಾಕುತ್ತಾರೆ. ಪಾವಗಡ, ಶಿರಾ ಕಡೆ ಅದು ಕಡ್ಲೆಕಾಯಿ ಕೀಳುವ ಕಾಲ. ಹೊಟ್ಟೆ ನೋವು, ಬೆನ್ನು ನೋವು, ಊಟ ಸೇರದಿರುವುದು ಯಾವುದಿದ್ದರೂ 'ಕಾಯಿ ಕಿತ್ತು ಮುಗೀಲಿ, ಆಮೇಲೆ ನೋಡಾನ ಬಿಡು' ಎನ್ನುವ ಕಾಲವೂ ಹೌದು.

ಕಣ್ಣು ಹಳದಿಯಾದಾಗ

ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಗೂ 'ಪಿತ್ತನಾಳ', 'ಸ್ಟೆಂಟ್' ಎಂಬ ಮಾತು ಪರಿಚಯವಾದದ್ದು 2018ರ ಕೊನೆಯಲ್ಲಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಅವರಿಗೆ ಪಿತ್ತನಾಳ ಕಟ್ಟಿಕೊಂಡು, ಅದನ್ನು ತೆರೆದಿಡಲು ಸ್ಟೆಂಟ್ ಎಂಬ ಕೊಳವೆ ಹಾಕಿ, ಮತ್ತೆ ಕಟ್ಟಿಕೊಂಡು, ಕಡೆಗೆ ಡಿಸೆಂಬರ್ 8ರಂದು ಚೆನ್ನೈನಲ್ಲಿ ಲಿವರ್ ತಜ್ಞ ಮೊಹಮ್ಮದ್ ರೇಲಾ ಅವರ ತಂಡ ಆಪರೇಷನ್ ಮಾಡಿತು. ಆಗ ಸ್ವಾಮೀಜಿಗೆ 111 ವರ್ಷ. 2019ರ ಜನವರಿ 21ಕ್ಕೆ ಅವರು ಲಿಂಗೈಕ್ಯರಾಗುವವರೆಗೆ ಟಿ.ವಿ. ಮುಂದೆ ಕೂತ ಜಿಲ್ಲೆಯ ಜನ ಹೊಟ್ಟೆಯೊಳಗಿನ ಕೊಳವೆಗಳ ಬಗ್ಗೆ ಯಾವ ಪಾಠಪುಸ್ತಕವೂ ಹೇಳದಷ್ಟು ಕೇಳಿಸಿಕೊಂಡರು.

ಸ್ವಾಮೀಜಿಯವರ ತೊಂದರೆ ಪಿತ್ತನಾಳದ್ದು. ಆದರೆ ಆ ನಾಳದ ಕೊನೆಯ ಭಾಗ ಹಾದುಹೋಗುವುದು ಮೇದೋಜೀರಕ ಗ್ರಂಥಿಯ ತಲೆಯ ಮೂಲಕ. ಹಾಗಾಗಿ ತಲೆಯಲ್ಲಿ ಗೆಡ್ಡೆ ಬೆಳೆದರೆ ಮೊದಲು ಒತ್ತಿಹೋಗುವುದು ಅದೇ. ಪಿತ್ತ ಕರುಳಿಗೆ ಇಳಿಯದೆ ರಕ್ತಕ್ಕೆ ಏರುತ್ತದೆ. ಕಣ್ಣು ಹಳದಿ, ಮೂತ್ರ ಕಡುಹಳದಿ, ಮಲ ಸುಣ್ಣದ ಬಣ್ಣ, ಮೈತುಂಬ ತುರಿಕೆ.

ನಮ್ಮ ಕಡೆ ಕಣ್ಣು ಹಳದಿಯಾದರೆ ಅದು ಕಾಮಾಲೆ. ಕಾಮಾಲೆಗೆ ಔಷಧಿ ಹಾಕುವವರು ಪ್ರತಿ ಹೋಬಳಿಗೂ ಇದ್ದಾರೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವವರು, ಬರೆ ಹಾಕುವವರು, ಉಪ್ಪು ಎಣ್ಣೆ ಬಿಡಿಸಿ ಪಥ್ಯ ಹೇಳುವವರು. ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟ ಇರುವುದೂ ಕೊರಟಗೆರೆಯಲ್ಲೇ. ಅವರನ್ನು ಹೀಯಾಳಿಸಿ ಪ್ರಯೋಜನವಿಲ್ಲ. ವೈರಸ್‌ನಿಂದ ಬರುವ ಕಾಮಾಲೆ ಬಹುತೇಕ ತಾನಾಗಿ ಇಳಿಯುತ್ತದೆ, ಇಳಿದದ್ದಕ್ಕೆಲ್ಲ ಔಷಧಿಗೆ ಹೆಸರು ಬರುತ್ತದೆ. ಗೆಡ್ಡೆಯಿಂದ ಬಂದ ಕಾಮಾಲೆ ಇಳಿಯುವುದಿಲ್ಲ. ಜ್ವರವಿಲ್ಲ, ನೋವಿಲ್ಲ, ಆದರೆ ಹಳದಿ ದಿನದಿನಕ್ಕೂ ಗಾಢವಾಗುತ್ತಿದೆ ಅಂದರೆ ಅದನ್ನು ಬೇರೆ ಥರ ನೋಡಬೇಕು. ನೋವಿಲ್ಲದ ಕಾಮಾಲೆಯ ಜೊತೆಗೆ ಉಬ್ಬಿದ ಪಿತ್ತಕೋಶ ಕೈಗೆ ಸಿಕ್ಕರೆ ಅದು ಕಲ್ಲಿನ ತೊಂದರೆ ಇರಲಾರದು ಎಂದು ಸ್ವಿಟ್ಜರ್‌ಲೆಂಡಿನ ಲುಡ್ವಿಗ್ ಕೂರ್ವಾಸಿಯೇ 1890ರಲ್ಲೇ ಬರೆದಿಟ್ಟಿದ್ದಾರೆ. ಇವತ್ತಿಗೂ ವೈದ್ಯ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ.

ಹಳದಿಯಾಗಿ ಕಂಡವರು ಒಂದು ಲೆಕ್ಕಕ್ಕೆ ಅದೃಷ್ಟವಂತರು. ಗ್ರಂಥಿಯ ನಡುಭಾಗದಲ್ಲೋ ಬಾಲದಲ್ಲೋ ಗೆಡ್ಡೆ ಎದ್ದರೆ ಪಿತ್ತನಾಳ ಸುರಕ್ಷಿತ, ಸುಳಿವೇ ಸಿಗುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ ನೋವಿಗೆ ತಿಂಗಳುಗಟ್ಟಲೆ 'ಗ್ಯಾಸ್ಟ್ರಿಕ್' ಮಾತ್ರೆ ನಡೆಯುತ್ತದೆ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದು, ಅದರ ಜೊತೆಗೇ ಮೈ ಇಳಿಯುತ್ತಿದ್ದರೆ ಒಂದು ಸ್ಕ್ಯಾನ್ ಕೇಳುವುದು ತಪ್ಪಲ್ಲ. ಹೊಸದಾಗಿ ಸಕ್ಕರೆ ಕಂಡ ಆ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಉಳಿದ ತೊಂಬತ್ತೊಂಬತ್ತು ಜನ ಗಾಬರಿಯಾಗಬೇಕಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಮಾತ್ರ ಅಪಾಯ ಸುಮಾರು ಎರಡು ಪಟ್ಟು.

ಬಾಕ್ಸ್: ಅದೇ ವರ್ಷ, ಪಕ್ಕದ ರಾಜ್ಯ
ಸ್ವಾಮೀಜಿ ಲಿಂಗೈಕ್ಯರಾದ ಎರಡು ತಿಂಗಳಿಗೆ, 2019ರ ಮಾರ್ಚ್ 17ರಂದು, ಗೋವಾ ಮುಖ್ಯಮಂತ್ರಿ ಮನೋಹರ ಪರ್ರೀಕರ್ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಮುಂಬೈ, ಅಮೆರಿಕ, ದೆಹಲಿಯಲ್ಲಿ ಚಿಕಿತ್ಸೆ ನಡೆದಿತ್ತು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರದ್ದು ಇದೇ ಗ್ರಂಥಿಯ ಬೇರೆ ಜಾತಿಯ, ನಿಧಾನಗತಿಯ ಗೆಡ್ಡೆ. 2003ರಲ್ಲಿ ಗೊತ್ತಾಗಿ 2011ರವರೆಗೆ ಬದುಕಿದ್ದರು. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ನೂರು ಗ್ರಾಂ ತೂಗದ ಗ್ರಂಥಿ

ಹೊಟ್ಟೆಯ ಜಠರ ಚೀಲದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿ ಹದಿನೈದು ಸೆಂಟಿಮೀಟರ್ ಉದ್ದ. ತೂಕ ನೂರು ಗ್ರಾಂ ಒಳಗೇ. ಅದಿರುವ ಜಾಗವೇ ಕಷ್ಟದ್ದು. ಗ್ರಂಥಿಯ ಕುತ್ತಿಗೆಯ ಹಿಂದೆ ಪೋರ್ಟಲ್ ನಾಳ, ಅದರ ಎಡಕ್ಕೆ ಸಣ್ಣ ಕರುಳಿಗೆಲ್ಲ ರಕ್ತ ಕೊಡುವ ಅಪಧಮನಿ, ಮೇಲ್ಗಡೆ ಲಿವರ್, ಜಠರ, ಗುಲ್ಮಕ್ಕೆ ಕವಲೊಡೆಯುವ ಇನ್ನೊಂದು ಅಪಧಮನಿ. ಗೆಡ್ಡೆ ಅರ್ಧ ಇಂಚು ಆ ಕಡೆ ಬೆಳೆದರೆ ಸಾಕು, ಹಳೇ ಬಾವಿಯ ಕಲ್ಲುಕಟ್ಟಡಕ್ಕೆ ಬೇರಿಳಿಸಿದ ಅರಳಿ ಗಿಡದ ಥರ ನಾಳಕ್ಕೆ ಹಿಡಿದುಕೊಳ್ಳುತ್ತದೆ. ಕಿತ್ತರೆ ಕಲ್ಲೂ ಬರುತ್ತದೆ.

ಪತ್ತೆಯಾದ ದಿನವೇ ಆಪರೇಷನ್‌ಗೆ ಯೋಗ್ಯರಾಗಿರುವವರು ನೂರಕ್ಕೆ ಹದಿನೈದರಿಂದ ಇಪ್ಪತ್ತು ಜನ ಮಾತ್ರ. ಅರ್ಧದಷ್ಟು ಜನರಲ್ಲಿ ಕಾಯಿಲೆ ಆಗಲೇ ಲಿವರ್‌ಗೋ ಬೇರೆಡೆಗೋ ಹಬ್ಬಿರುತ್ತದೆ. ನಡುವೆ ಉಳಿಯುವವರೇ ಈ ಲೇಖನದ ಜನ. ಕಾಯಿಲೆ ದೂರ ಹೋಗಿಲ್ಲ, ಆದರೆ ನಾಳ ಬಿಟ್ಟುಕೊಡುತ್ತಿಲ್ಲ.

ಇವರ ವಿಷಯದಲ್ಲಿ ವೈದ್ಯರು ನೋಡುವುದು ಒಂದು ಕೋನವನ್ನು. ಸ್ಕ್ಯಾನಿನಲ್ಲಿ ದುಂಡಗೆ ಕಾಣುವ ಅಪಧಮನಿಯ ಸುತ್ತ ಗೆಡ್ಡೆ ಎಷ್ಟು ಆವರಿಸಿದೆ? 180 ಡಿಗ್ರಿಯೊಳಗಿದ್ದರೆ ಗಡಿರೇಖೆಯ ಕೇಸು. ಅರ್ಧಕ್ಕಿಂತ ಹೆಚ್ಚು ಸುತ್ತಿಕೊಂಡಿದ್ದರೆ ಮುಂದುವರಿದ ಕೇಸು. ಪೋರ್ಟಲ್ ನಾಳಕ್ಕೆ ಪ್ರಶ್ನೆಯೇ ಬೇರೆ: ಅದನ್ನು ಕತ್ತರಿಸಿದರೆ ಮತ್ತೆ ಜೋಡಿಸಲು ಮೇಲೂ ಕೆಳಗೂ ಒಳ್ಳೆಯ ತುದಿ ಉಳಿಯುತ್ತದೆಯೇ? ಮೂರು ಸೆಂಟಿಮೀಟರ್ ಆಸುಪಾಸಿನ ತುಂಡಾದರೆ ಕರುಳಿನ ಬುಡವನ್ನು ಸಡಿಲಿಸಿ ನೇರವಾಗಿ ಹೊಲಿಯಬಹುದು. ಹೆಚ್ಚಾದರೆ ರೋಗಿಯದ್ದೇ ಕುತ್ತಿಗೆಯ ನಾಳವನ್ನೋ ಬೇರೆಡೆಯ ನಾಳವನ್ನೋ ತಂದು ಮಧ್ಯೆ ಕೂರಿಸುತ್ತಾರೆ.

ಅಪಧಮನಿ ಮಾತ್ರ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ಕರುಳಿನ ಅಪಧಮನಿ ಮುಚ್ಚಿತೆಂದರೆ ಕರುಳೇ ಕೊಳೆಯುತ್ತದೆ. ಅದನ್ನು ಕತ್ತರಿಸಿ ಜೋಡಿಸುವ ಸಾಹಸ ಜಗತ್ತಿನಲ್ಲಿ ಕೆಲವೇ ಕಡೆ ನಡೆಯುತ್ತದೆ, ಸಾವಿನ ಪ್ರಮಾಣವೂ ಹೆಚ್ಚು. ಕತ್ತರಿಸುವ ಬದಲು ಅಪಧಮನಿಯ ಹೊರಪದರವನ್ನು ಗೆಡ್ಡೆಯ ಸಮೇತ ಸುಲಿದು ತೆಗೆಯುವ ಕ್ರಮ ಈಗ ಚಾಲ್ತಿಗೆ ಬಂದಿದೆ. ಜರ್ಮನಿಯ ಹೈಡೆಲ್‌ಬರ್ಗ್‌ನವರು 2017ರಲ್ಲಿ ಎರಡು ಅಪಧಮನಿ ಮತ್ತು ಪೋರ್ಟಲ್ ನಾಳದ ನಡುವಿನ ತ್ರಿಕೋನವನ್ನು ಪೂರ್ತಿ ಬೋಳಿಸುವ ವಿಧಾನವನ್ನು ವಿವರಿಸಿದರು.

ದೇಹವೇ ದಾರಿ ಮಾಡಿಕೊಡುವ ಸಂದರ್ಭವೂ ಒಂದಿದೆ. ಗ್ರಂಥಿಯ ನಡುಭಾಗದ ಗೆಡ್ಡೆ ಮೇಲಿನ ಅಪಧಮನಿಯನ್ನು ಸುತ್ತಿದ್ದರೆ ಅದನ್ನು ಬುಡಕ್ಕೇ ತೆಗೆಯಬಹುದು. ಆಗ ಲಿವರ್‌ಗೆ ರಕ್ತ ಕೆಳಗಿನ ಅಪಧಮನಿಯಿಂದ, ಒಂದು ಸಣ್ಣ ಕವಲಿನಲ್ಲಿ ಹಿಮ್ಮುಖವಾಗಿ ಹರಿದು ತಲುಪುತ್ತದೆ. ಕೆನಡಾದ ಲಯನ್ ಆ್ಯಪಲ್‌ಬಿ 1953ರಲ್ಲಿ ಜಠರದ ಕ್ಯಾನ್ಸರ್‌ಗೆಂದು ಮಾಡಿದ ಆಪರೇಷನ್ ಅದು. ಈ ಗ್ರಂಥಿಗೆ ಒಗ್ಗಿದ್ದು ಆಮೇಲೆ.

ಬಾಕ್ಸ್: ವಿಪ್ಪಲ್ ಎಂಬ ಹೆಸರು
ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ ಇವಿಷ್ಟನ್ನೂ ತೆಗೆದು ಮೂರು ಕಡೆ ಹೊಸದಾಗಿ ಜೋಡಿಸುವ ಆಪರೇಷನ್‌ಗೆ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಹೆಸರಿದೆ. ಹುಟ್ಟಿದ್ದು 1881ರಲ್ಲಿ, ಪರ್ಶಿಯಾದ ಉರ್ಮಿಯಾದಲ್ಲಿ, ತಂದೆತಾಯಿ ಮಿಷನರಿಗಳು. 1935ರಲ್ಲಿ ಅವರು ಎರಡು ಕಂತಿನಲ್ಲಿ ಮಾಡುವ ಕ್ರಮ ಪ್ರಕಟಿಸಿದರು. ಕಾಮಾಲೆಯವರಿಗೆ ರಕ್ತ ನಿಲ್ಲುತ್ತಿರಲಿಲ್ಲವಾದ್ದರಿಂದ ಕಂತು ಅನಿವಾರ್ಯ. ವಿಟಮಿನ್ ಕೆ ಸಿಕ್ಕಮೇಲೆ ಆ ಭಯ ತಗ್ಗಿತು. 1940ರಲ್ಲಿ ಜಠರದ ಗೆಡ್ಡೆ ಎಂದುಕೊಂಡು ಅತಿಥಿ ವೈದ್ಯರ ಮುಂದೆ ಹೊಟ್ಟೆ ತೆರೆದರೆ ಗೆಡ್ಡೆ ಇದ್ದದ್ದು ಈ ಗ್ರಂಥಿಯಲ್ಲಿ. ಒಂದೇ ಕಂತಿನಲ್ಲಿ ಮುಗಿಸಿಬಿಟ್ಟರು. ಜೀವಮಾನದಲ್ಲಿ ಅವರು ಮಾಡಿದ್ದು 37. ಬರ್ಲಿನ್ನಿನ ವಾಲ್ಟರ್ ಕೌಶ್ 1909ರಲ್ಲೇ ಇದನ್ನು ಸಾಧಿಸಿದ್ದರು, ಹೆಸರು ಮಾತ್ರ ವಿಪ್ಪಲ್‌ಗೆ ಹೋಯಿತು.

'ಕತ್ತಿ ತಾಗಿದ್ರೆ ಹಬ್ಬುತ್ತಂತಲ್ಲ ಸಾರ್?'

ಕ್ಯಾನ್ಸರ್ ಆಸ್ಪತ್ರೆಯ ಮೊಗಸಾಲೆಯಲ್ಲಿ ಈ ಪ್ರಶ್ನೆ ಕೇಳದ ದಿನವಿಲ್ಲ. ವೈದ್ಯರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ. ನನಗೆ ಅದು ಬರೀ ಮೂಢನಂಬಿಕೆ ಅನಿಸುವುದಿಲ್ಲ, ತಪ್ಪಾಗಿ ಓದಿದ ಅನುಭವ ಅನಿಸುತ್ತದೆ. ಒಳ್ಳೆಯ ಸ್ಕ್ಯಾನ್ ಇಲ್ಲದ ಕಾಲದಲ್ಲಿ ಗೆಡ್ಡೆ ನಾಳಕ್ಕೆ ಹಿಡಿದಿದೆಯೋ ಇಲ್ಲವೋ ಎಂದು ಗೊತ್ತಾಗುತ್ತಿದ್ದುದೇ ಹೊಟ್ಟೆ ತೆರೆದ ಮೇಲೆ. ಹಿಡಿದಿದ್ದರೆ 'ಬಿಚ್ಚಿ ನೋಡಿ ಹಾಗೇ ಹೊಲಿದುಬಿಟ್ರು'. ಎರಡು ಮೂರು ತಿಂಗಳಿಗೆ ಮನುಷ್ಯ ಹೋದ. ಊರಿನ ಕಣ್ಣಿಗೆ ಕಂಡದ್ದು ಇಷ್ಟೇ: ನಡೆದುಕೊಂಡು ಹೋದವನು, ಕತ್ತಿ ತಾಗಿದ ಮೇಲೆ ಎದ್ದೇಳಲಿಲ್ಲ.

ನಾಳವನ್ನೂ ಸೇರಿಸಿ ತೆಗೆಯುವ ಯೋಚನೆ ಹೊಸದಲ್ಲ. 1951ರಲ್ಲಿ ಅಮೆರಿಕದ ಜಾರ್ಜ್ ಮೂರ್ ಕರುಳಿನ ನಾಳವನ್ನು ಕತ್ತರಿಸಿ ಮತ್ತೆ ಹೊಲಿದರು. 1973ರಲ್ಲಿ ನ್ಯೂಯಾರ್ಕಿನ ಜೋಸೆಫ್ ಫೋರ್ಟ್‌ನರ್ ಇನ್ನೂ ಮುಂದೆ ಹೋಗಿ ಗ್ರಂಥಿ, ನಾಳ, ಸುತ್ತಲಿನ ಅಂಗಾಂಶ ಎಲ್ಲವನ್ನೂ ಒಟ್ಟಿಗೇ ತೆಗೆಯುವ ಭಾರೀ ಆಪರೇಷನ್ ಕೈಗೊಂಡರು. ಸಾವು ಹೆಚ್ಚಿತು, ಆಯಸ್ಸು ಹೆಚ್ಚಲಿಲ್ಲ. ಹುಮ್ಮಸ್ಸು ಆರಿಹೋಯಿತು. ಮತ್ತೆ ಧೈರ್ಯ ಬಂದದ್ದು ಎರಡು ದಶಕದ ಮೇಲೆ. ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಸೆಂಟರ್ 2004ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅಭಿಧಮನಿ ಕತ್ತರಿಸಿ ಜೋಡಿಸಿಕೊಂಡವರೂ ಜೋಡಿಸಬೇಕಿರದವರೂ ಬದುಕಿದ ಅವಧಿ ಹತ್ತಿರ ಹತ್ತಿರ ಒಂದೇ, ಸುಮಾರು ಎರಡು ವರ್ಷ. ಅಂದರೆ ನಾಳ ಹಿಡಿದಿರುವುದು ಗೆಡ್ಡೆಯ ಕೆಟ್ಟತನಕ್ಕಿಂತ ಅದು ಹುಟ್ಟಿದ ಜಾಗದ ಸಂಗತಿ.

ಎರಡೇ ವರ್ಷವೇ ಎಂದು ಕೇಳುವವರಿಗೆ ಉತ್ತರ ಕೀಮೋದಲ್ಲಿದೆ. ನಿಜವಾದ ತಿರುವು ಬಂದದ್ದು ಕತ್ತರಿಯಿಂದಲ್ಲ, ಡ್ರಿಪ್ ಬಾಟಲಿಯಿಂದ. ನಾಲ್ಕು ಔಷಧಿಗಳನ್ನು ಕೂಡಿಸಿದ ಫೋಲ್ಫಿರಿನಾಕ್ಸ್, ಹಬ್ಬಿಹೋದ ಕಾಯಿಲೆಯಲ್ಲಿ ಸರಾಸರಿ ಆಯಸ್ಸನ್ನು 6.8 ತಿಂಗಳಿಂದ 11.1 ತಿಂಗಳಿಗೆ ಒಯ್ದಿತೆಂದು ಫ್ರಾನ್ಸಿನವರು 2011ರಲ್ಲಿ ತೋರಿಸಿದರು. ಆಪರೇಷನ್ ಆದವರಿಗೆ ಇದರದ್ದೇ ಮೃದು ರೂಪ ಕೊಟ್ಟಾಗ ಸರಾಸರಿ 54 ತಿಂಗಳು, ಹಳೇ ಔಷಧಿಯಲ್ಲಿ 35. ಈ ಲೆಕ್ಕ ಬಂದದ್ದು 2018ರಲ್ಲಿ.

ಹಾಗಾದರೆ ಮೊದಲು ಕೀಮೋ, ಆಮೇಲೆ ಕತ್ತರಿ ಯಾಕಾಗಬಾರದು? ನೆದರ್ಲೆಂಡ್ಸ್‌ನವರು ಎರಡು ಗುಂಪು ಮಾಡಿ ನೋಡಿದರು. ನೇರ ಆಪರೇಷನ್‌ಗೆ ಹೋದವರಲ್ಲಿ ಐದು ವರ್ಷ ದಾಟಿದವರು ಶೇ 6.5. ಮೊದಲು ಕೀಮೋ ಮತ್ತು ರೇಡಿಯೇಷನ್ ಪಡೆದವರಲ್ಲಿ ಶೇ 20.5. ನಾಳಕ್ಕೆ ಅಂಟಿದ ಗೆಡ್ಡೆಗಳಿಗೆ ಈಗ ಬಹುಪಾಲು ಕಡೆ ಇದೇ ಸರದಿ. ಕೀಮೋದ ತಿಂಗಳುಗಳಲ್ಲಿ ಗೆಡ್ಡೆಯ ಗುಣವೂ ಬಯಲಾಗುತ್ತದೆ. ಔಷಧಿ ನಡೆಯುತ್ತಿರುವಾಗಲೇ ಲಿವರ್‌ಗೆ ಹಾರುವ ಕಾಯಿಲೆಗೆ ಎಂಟು ಗಂಟೆಯ ಆಪರೇಷನ್ ಮಾಡಿಯೂ ಉಪಯೋಗವಿರುತ್ತಿರಲಿಲ್ಲ.

ಒಂದು ತೊಡಕಿದೆ. ಕೀಮೋ ಆದಮೇಲೆ ಸ್ಕ್ಯಾನ್ ಮಾಡಿದರೆ ಗೆಡ್ಡೆ ಇದ್ದಷ್ಟೇ ಇದ್ದಂತೆ ಕಾಣಬಹುದು. ಸತ್ತ ಗೆಡ್ಡೆ ಬಿಟ್ಟುಹೋದ ಕಲೆಗೂ ಜೀವಂತ ಗೆಡ್ಡೆಗೂ ಸಿ.ಟಿ. ಯಂತ್ರ ವ್ಯತ್ಯಾಸ ಮಾಡುವುದಿಲ್ಲ. ರಕ್ತದಲ್ಲಿ ಸಿ.ಎ. 19-9 ಎಂಬ ಸೂಚಕ ಇಳಿದಿದ್ದರೆ, ರೋಗಿ ಊಟ ಮಾಡಿಕೊಂಡು ಗಟ್ಟಿಯಾಗಿದ್ದರೆ, ಅನುಭವಿ ಸರ್ಜನ್ ಒಳಗಿಳಿದು ನಾಳದ ಪಕ್ಕದ ತುಣುಕನ್ನು ಆಗಲೇ ಪರೀಕ್ಷಿಸಿ ನಿರ್ಧಾರ ಮಾಡುತ್ತಾರೆ. ಹೀಗಾಗಿ ಮೊದಲ ದಿನ ಕೇಳಿದ 'ಆಗಲ್ಲ' ಎಂಬ ಮಾತನ್ನು ನಾಲ್ಕಾರು ತಿಂಗಳ ಕೀಮೋ ನಂತರ ಇನ್ನೊಮ್ಮೆ ಕೇಳಬೇಕು. ಎರಡನೇ ಸಲವೂ ಅದೇ ಉತ್ತರ ಬರಬಹುದು. ಕೇಳದೆ ಬಿಡುವುದು ಮಾತ್ರ ಸರಿಯಲ್ಲ.

ಬಾಕ್ಸ್: ಎಲ್ಲಿ ಮಾಡಿಸಿದರು ಎಂಬುದೇ ಅರ್ಧ ಚಿಕಿತ್ಸೆ
ತೀರಾ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಈ ಗ್ರಂಥಿಯ ಆಪರೇಷನ್ ಆದವರ ಸಾವು ಶೇ 16.3, ಬಹಳ ಹೆಚ್ಚು ಮಾಡುವ ಕಡೆ ಶೇ 3.8. ಅಮೆರಿಕದ ಈ ಲೆಕ್ಕ 2002ರದ್ದು. 'ಡಾಕ್ಟ್ರೇ, ಇಲ್ಲಿ ವರ್ಷಕ್ಕೆ ಎಷ್ಟು ವಿಪ್ಪಲ್ ಮಾಡ್ತೀರಿ?' ಎಂದು ಕೇಳುವುದು ಉದ್ಧಟತನವಲ್ಲ.

ಮೆಜೆಸ್ಟಿಕ್‌ಗೆ ಬಂದಿಳಿದವರು

ಪಾವಗಡ ಕಡೆಯ ವಳ್ಳೂರಿನಂಥ ಹಳ್ಳಿಯಿಂದ ಬೆಂಗಳೂರಿಗೆ ನೂರೈವತ್ತು ಕಿಲೋಮೀಟರಿನ ಮೇಲಾಗುತ್ತದೆ. ಪಾವಗಡ ತಾಲ್ಲೂಕಿನ ಸುತ್ತಲೂ ಹೆಚ್ಚುಕಮ್ಮಿ ಆಂಧ್ರವೇ ಇರುವುದರಿಂದ ಹಿಂದೂಪುರ, ಅನಂತಪುರದ ಆಸ್ಪತ್ರೆಗಳಿಗೂ ಜನ ಹೋಗುತ್ತಾರೆ. ಸಣ್ಣ ಕಾಯಿಲೆಗೆ ಅದು ಸರಿಯೇ. ಈ ಕಾಯಿಲೆಯಲ್ಲಿ ಹತ್ತಿರದ ಊರಿನಲ್ಲಿ ಆತುರಕ್ಕೆ ಆಗಿಬಿಡುವ ಒಂದು ಕೆಲಸ ಮುಂದಿನದ್ದನ್ನೆಲ್ಲ ಕೆಡಿಸುವುದುಂಟು. ಅದೇ ಸ್ಟೆಂಟ್.

ಕಾಮಾಲೆ ಕಂಡ ಕೂಡಲೇ, ಸರಿಯಾದ ಸಿ.ಟಿ. ಆಗುವ ಮೊದಲೇ ಸ್ಟೆಂಟ್ ಹಾಕಿದರೆ ಚಿತ್ರ ಮಸುಕಾಗುತ್ತದೆ. ಗ್ರಂಥಿ ಊದಿಕೊಂಡರಂತೂ ಗೆಡ್ಡೆ ಎಲ್ಲಿ ಮುಗಿಯಿತು, ಊತ ಎಲ್ಲಿ ಶುರುವಾಯಿತು ಎಂದು ಹೇಳುವವರಿಲ್ಲ. 2010ರ ಇನ್ನೊಂದು ಡಚ್ ಅಧ್ಯಯನದಲ್ಲಿ ಎಲ್ಲರಿಗೂ ಮೊದಲು ಸ್ಟೆಂಟ್ ಹಾಕಿ ಆಮೇಲೆ ಆಪರೇಷನ್ ಮಾಡಿದಾಗ ಗಂಭೀರ ತೊಂದರೆ ಶೇ 74ರಷ್ಟು ಜನರಿಗೆ ಬಂತು. ನೇರವಾಗಿ ಮಾಡಿದವರಲ್ಲಿ ಶೇ 39. ಹಾಗೆಂದು ಸ್ಟೆಂಟ್ ಬೇಡವೇ ಬೇಡ ಎಂದಲ್ಲ. ಸೋಂಕಾಗಿ ಚಳಿಜ್ವರ ಬಂದವರಿಗೆ, ಮೊದಲು ಕೀಮೋ ತೆಗೆದುಕೊಳ್ಳಬೇಕಾದವರಿಗೆ ಅದು ಬೇಕೇ ಬೇಕು. ಮೊದಲು ಸ್ಕ್ಯಾನ್, ಆಮೇಲೆ ಸ್ಟೆಂಟ್ ಎಂಬ ಸರದಿ ಇರಲಿ ಅಷ್ಟೆ.

ಸರ್ಕಾರಿ ವ್ಯವಸ್ಥೆಯಲ್ಲಿ ಬಾಗಿಲುಗಳಿವೆ. ಕ್ಯಾನ್ಸರ್‌ಗೆಂದೇ 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಜಠರ, ಕರುಳು ರೋಗಗಳಿಗೆ ಮತ್ತು ಅಂಗಾಂಗ ಕಸಿಗೆಂದೇ ಪ್ರತ್ಯೇಕ ಸಂಸ್ಥೆ ಇದೆ. ಲಿವರ್ ಕಸಿ ಮಾಡುವ ಕೈಗಳಿಗೆ ಪೋರ್ಟಲ್ ನಾಳ ಹೊಲಿಯುವುದು ನಿತ್ಯದ ಕೆಲಸವಾದ್ದರಿಂದ ಇದು ಮುಖ್ಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇಂಥ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸಿಕೊಂಡೇ ಹೊರಡುವುದು ಒಳ್ಳೆಯದು. ಅದಿಲ್ಲದೆ ಬೆಂಗಳೂರಿಗೆ ಬಂದು, ಚೀಟಿಗಾಗಿ ವಾಪಸ್ ಬಸ್ ಹತ್ತುವವರನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ.

ಆಪರೇಷನ್ ಆದಮೇಲೆ ಮೊದಲ ಎರಡು ವಾರದ ಭಯ ನಾಳದ್ದಲ್ಲ. ಗ್ರಂಥಿಯ ಉಳಿದ ತುಂಡನ್ನು ಕರುಳಿಗೆ ಸೇರಿಸಿದ ಹೊಲಿಗೆಯದ್ದು. ಈ ಗ್ರಂಥಿಯ ರಸಕ್ಕೆ ಮಾಂಸ ಕರಗಿಸುವ ಗುಣ. ಸೋರಿತೆಂದರೆ ಹೊಲಿದ ನಾಳವನ್ನೂ ತಿನ್ನುತ್ತದೆ. ಹೊಟ್ಟೆಯಿಂದ ಹೊರಬಂದ ಡ್ರೈನ್ ಕೊಳವೆಯ ಬಾಟಲಿಯನ್ನು ನರ್ಸ್ ದಿನವೂ ಎತ್ತಿ ಬಣ್ಣ ನೋಡುವುದು ಇದಕ್ಕೇ.

ಮನೆಗೆ ಬಂದಮೇಲೆ ಊಟದ ಲೆಕ್ಕ ಬದಲಾಗುತ್ತದೆ. ದಿನಕ್ಕೆ ಎರಡು ಸಲ ದೊಡ್ಡ ಮುದ್ದೆ ಉಂಡು ಅಭ್ಯಾಸವಾದವರು ಐದಾರು ಸಲ ಸ್ವಲ್ಪಸ್ವಲ್ಪ ಉಣ್ಣಬೇಕು. ಪ್ರತಿ ಊಟದ ಜೊತೆಗೆ ಎನ್‌ಝೈಮ್ ಕ್ಯಾಪ್ಸೂಲ್. ಅದನ್ನು ಬಿಟ್ಟರೆ ಎಣ್ಣೆ ಜಿಡ್ಡು ಜೀರ್ಣವಾಗದೆ ಮಲದಲ್ಲಿ ತೇಲುತ್ತದೆ, ಮೈ ಹತ್ತುವುದಿಲ್ಲ. ಈ ಕ್ಯಾಪ್ಸೂಲ್ ತಯಾರಾಗುವುದು ಹಂದಿಯ ಗ್ರಂಥಿಯಿಂದ. ಸಸ್ಯಾಹಾರಿಗಳಿಗೆ, ಮುಸ್ಲಿಮರಿಗೆ ಇದನ್ನು ಮೊದಲೇ ಹೇಳಿ ಮಾತಾಡುವುದು ವೈದ್ಯರ ಕೆಲಸ. ಹೇಳದಿದ್ದರೆ ಆಮೇಲೆ ಯಾರಿಂದಲೋ ತಿಳಿದು ಮಾತ್ರೆ ಮೂಲೆ ಸೇರುತ್ತದೆ.

ಕೀಮೋ ಆದಮೇಲೂ ಕತ್ತರಿಗೆ ಒಗ್ಗದವರು ಹೆಚ್ಚಿನವರೇ. ಅವರಿಗೂ ಮಾಡುವ ಕೆಲಸ ಬಹಳವಿದೆ. ಬೆನ್ನಿಗೆ ಹೊಡೆಯುವ ನೋವಿಗೆ ನರಗಳ ಗೊಂಚಲಿಗೇ ಇಂಜೆಕ್ಷನ್ ಕೊಟ್ಟು ನೋವು ತಗ್ಗಿಸಬಹುದು, ಮಾರ್ಫಿನ್ ಇದೆ, ಲೋಹದ ಸ್ಟೆಂಟ್‌ನಿಂದ ತುರಿಕೆ ನಿಲ್ಲುತ್ತದೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥವರನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಿದೆ.

ಎರಡನೇ ಅಭಿಪ್ರಾಯಕ್ಕೆ ಹೊರಡುವವರಿಗೆ ಒಂದು ಮಾತು. ಎಷ್ಟೋ ಜನ ಪ್ಲಾಸ್ಟಿಕ್ ಕವರಿನಲ್ಲಿ ಬರೀ ಸ್ಕ್ಯಾನ್ ರಿಪೋರ್ಟಿನ ಹಾಳೆ ತರುತ್ತಾರೆ. ನಾಳದ ಸುತ್ತ ಗೆಡ್ಡೆ ಎಷ್ಟು ಡಿಗ್ರಿ ಹಿಡಿದಿದೆ ಎಂದು ಸರ್ಜನ್ ಸ್ವತಃ ಅಳೆಯಬೇಕಾದರೆ ಸಿ.ಡಿ. ಬೇಕು. ಸ್ಕ್ಯಾನ್ ಮಾಡಿಸಿದ ಸೆಂಟರಿನಲ್ಲಿ ಕೇಳಿದರೆ ಕೊಡುತ್ತಾರೆ. ಸ್ಟೆಂಟ್ ಹಾಕುವ ಮೊದಲು ತೆಗೆದ ಸಿ.ಡಿ. ಇದ್ದರೆ ಅದನ್ನೂ, ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮರೆಯದೆ ಕೇಳಿ ತೆಗೆದುಕೊಳ್ಳಿ.